ಎ.ಸಿ. ಹಾಕಿದಾಗ ಬರುವ ಸದ್ದು ಕಂಪ್ರೆಸರ್‌ನದೇ ಇರಬೇಕೆಂದಿಲ್ಲ

ಪ್ರಶ್ನೆ: ನನ್ನದು ಹತ್ತು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಒಂದು ತಿಂಗಳಿಂದ ಬಾನೆಟ್ ಒಳಗಿನಿಂದ ಕರಕರ ಸದ್ದು ಕೇಳಿಸುತ್ತಿದೆ. ಎ.ಸಿ. ಹಾಕಿದೊಡನೆ ಸದ್ದಿನ ಧಾಟಿ ಬದಲಾಗುತ್ತದೆ, ಆರಿಸಿದರೆ ಪೂರ್ತಿ ನಿಲ್ಲುವುದಿಲ್ಲ. ತಂಪಿಗೆ ಏನೂ ಕೊರತೆಯಿಲ್ಲ. ಗ್ಯಾರೇಜಿನವರು ಒಂದು ನಿಮಿಷ ಕಿವಿಗೊಟ್ಟು, ‘ಕಂಪ್ರೆಸರ್ ಹೋಗಿದೆ, ಹೊಸದು ಹಾಕಬೇಕು’ ಎಂದರು. ಅಷ್ಟು ಹಣ ಹಾಕುವ ಮುನ್ನ ಮನೆಯಲ್ಲೇ ಪರೀಕ್ಷಿಸಿ ನೋಡಲು ಸಾಧ್ಯವೇ?
– ಓದುಗರು, ರಾಯಚೂರು

ಉತ್ತರ: ಸಾಧ್ಯವಿದೆ. ನಿಮ್ಮ ಪತ್ರದ ಎರಡು ಮಾತುಗಳು ಮುಖ್ಯವಾದವು: ಎ.ಸಿ. ಆರಿಸಿದಾಗಲೂ ಸದ್ದು ಉಳಿಯುತ್ತದೆ ಎಂಬುದು ಒಂದು, ತಂಪು ಮೊದಲಿನಂತೆಯೇ ಇದೆ ಎಂಬುದು ಇನ್ನೊಂದು. ಇವೆರಡೂ ಹೀಗೆಯೇ ಇದ್ದರೆ, ಇಡೀ ಕಂಪ್ರೆಸರ್ ಬದಲಿಸಲು ಸದ್ಯಕ್ಕೆ ಒಪ್ಪಿಗೆ ಕೊಡಬೇಡಿ.

ನಿಮ್ಮಂಥ ಕಾರುಗಳಲ್ಲಿ ಕಂಪ್ರೆಸರ್‌ನ ಮುಂಭಾಗದ ಪುಲ್ಲಿಯು ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಬೆಲ್ಟಿನೊಂದಿಗೆ ತಿರುಗುತ್ತಲೇ ಇರುತ್ತದೆ. ಆದರೆ ಗ್ಯಾಸನ್ನು ಒತ್ತುವ ಒಳಗಿನ ಯಂತ್ರ ಎ.ಸಿ. ಆರಿದ್ದಾಗ ಸುಮ್ಮನಿರುತ್ತದೆ. ಎ.ಸಿ. ಗುಂಡಿ ಒತ್ತಿದಾಗ ಪುಲ್ಲಿಯ ಹಿಂದಿರುವ ತಾಮ್ರದ ಸುರುಳಿಗೆ ವಿದ್ಯುತ್ ಹರಿದು, ಅದರ ಕಾಂತಬಲಕ್ಕೆ ಕಂಪ್ರೆಸರ್‌ನ ಕ್ಲಚ್‌ನ (ಗೇರಿನ ಕ್ಲಚ್ ಅಲ್ಲ) ತಟ್ಟೆ ‘ಟಕ್’ ಎಂದು ಪುಲ್ಲಿಗೆ ಅಂಟಿಕೊಂಡ ಮೇಲಷ್ಟೇ ಒಳಗಿನ ಯಂತ್ರ ಕೆಲಸ ಆರಂಭಿಸುತ್ತದೆ. ಆದ್ದರಿಂದ ಎ.ಸಿ. ಆರಿದ್ದಾಗಲೂ ಬರುವ ಸದ್ದನ್ನು ಕಂಪ್ರೆಸರ್‌ನ ಒಳಭಾಗದ ಮೇಲೆ ಹೊರಿಸುವುದು ನ್ಯಾಯವಲ್ಲ. ಪುಲ್ಲಿಯ ಬೇರಿಂಗ್, ಬೆಲ್ಟ್, ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಆಲ್ಟರ್ನೇಟರ್, ಕೆಲವು ಕಾರುಗಳಲ್ಲಿ ವಾಟರ್ ಪಂಪ್, ಇವುಗಳಲ್ಲಿ ಯಾವುದಾದರೂ ಒಂದು ಹಾಗೆ ಕೂಗುತ್ತಿರಬಹುದು.

ಪರೀಕ್ಷೆಯನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಟ್ಟರೆ ಹೊಗೆಯಿಂದ ಪ್ರಾಣಕ್ಕೇ ಅಪಾಯ. ಹ್ಯಾಂಡ್‌ಬ್ರೇಕ್ ಎಳೆದು ಗೇರನ್ನು ನ್ಯೂಟ್ರಲ್‌ನಲ್ಲಿಡಿ. ಶಲ್ಯ, ಸೆರಗು, ಕುತ್ತಿಗೆಯ ಸರ, ಉದ್ದನೆಯ ತೋಳಿನ ಅಂಗಿ ಯಾವುದೂ ಬೆಲ್ಟಿನ ಹತ್ತಿರ ಜೋತಾಡಬಾರದು. ನೀವು ಬಾನೆಟ್ ಬಳಿ ನಿಂತು ಮನೆಯವರೊಬ್ಬರನ್ನು ಒಳಗೆ ಕೂರಿಸಿಕೊಳ್ಳಿ. ಮೊದಲು ಎ.ಸಿ.ಯೂ ಬ್ಲೋಯರ್ ಕೂಡ ಆರಿರಲಿ. ಆಮೇಲೆ ಬ್ಲೋಯರ್ ಮಾತ್ರ ಹಾಕಿಸಿ. ಡ್ಯಾಶ್‌ಬೋರ್ಡಿನ ಒಳಗೆ ಒಣಗಿದ ಎಲೆ ಸಿಕ್ಕಿಕೊಂಡು ಕರಕರ ಎನ್ನುವುದನ್ನೂ ಕಂಪ್ರೆಸರ್ ಲೆಕ್ಕಕ್ಕೆ ಬರೆದವರನ್ನು ಕಂಡಿದ್ದೇನೆ. ಕೊನೆಗೆ ಎ.ಸಿ. ಹಾಕಿಸಿ, ‘ಟಕ್’ ಎಂದ ಕ್ಷಣದಲ್ಲಿ ಏನು ಬದಲಾಯಿತು ಎಂದು ಗಮನಿಸಿ. ಎರಡು ನಿಮಿಷಕ್ಕೊಮ್ಮೆ ನಾಲ್ಕೈದು ಸಲ ಹಾಕಿ ಆರಿಸಿದರೆ ಕಿವಿಗೆ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಎ.ಸಿ. ಹಾಕಿದಾಗ ಕಂಪ್ರೆಸರ್ ಜೊತೆಗೆ, ಬಿಸಿ ಗ್ಯಾಸನ್ನು ತಣಿಸುವ ಕಂಡೆನ್ಸರ್‌ನ ಫ್ಯಾನ್ ಸಹ ಓಡತೊಡಗುತ್ತದೆ. ಫ್ಯಾನಿನ ರೆಕ್ಕೆ ಮುಕ್ಕಾಗಿದ್ದರೆ ಅಥವಾ ಅದಕ್ಕೆ ಪ್ಲಾಸ್ಟಿಕ್ ಚೂರು ತಾಗುತ್ತಿದ್ದರೆ ಆ ಸದ್ದೂ ಎ.ಸಿ.ಯೊಂದಿಗೇ ಬಂದು ಎ.ಸಿ.ಯೊಂದಿಗೇ ಹೋಗುತ್ತದೆ. ಇನ್ನು, ಕಂಪ್ರೆಸರ್‌ನ ಭಾರ ಬಿದ್ದೊಡನೆ ಎಂಜಿನ್ ಸ್ವಲ್ಪ ಕುಗ್ಗುವುದರಿಂದ, ಎಂಜಿನ್ ಮೌಂಟಿನ ರಬ್ಬರ್ ಸೋತಿದ್ದರೆ ಕಾರಿನ ಮೈಯೆಲ್ಲ ನಡುಗುತ್ತದೆ. ಕ್ಲಾಂಪ್ ಸಡಿಲಗೊಂಡ ಎ.ಸಿ. ಪೈಪು ಬಾಡಿಗೆ ತಾಗಿ ಗಡಗಡ ಎನ್ನುತ್ತದೆ. ಇವೆಲ್ಲ ಕಡಿಮೆ ಖರ್ಚಿನ ರಿಪೇರಿಗಳು.

ಬೆಲ್ಟಿನ ಸದ್ದು ಕಿರ್ರೆಂದು ಎಳೆಯುವ ಕೂಗಾಗಿರುತ್ತದೆ. ಎಂಜಿನ್ ಓಡುತ್ತಿರುವಾಗ ದೂರದಿಂದಲೇ ಬೆಲ್ಟಿನ ಗೀರುಗಳಿರುವ ಬದಿಗೆ ಸ್ವಲ್ಪ ನೀರು ಸಿಂಪಡಿಸಿ ನೋಡಿ. ಕೂಗು ಕ್ಷಣಕಾಲ ಅಡಗಿ ಮತ್ತೆ ಬಂದರೆ ಬೆಲ್ಟಿನ ಮೈ ಸವೆದಿದೆ ಅಥವಾ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ನೀರು ಬಿದ್ದೊಡನೆ ಕೂಗು ಹೆಚ್ಚಿದರೆ ಬೆಲ್ಟ್ ಸಡಿಲವಾಗಿದೆ. ನೀರಿಗೆ ಏನೂ ಬದಲಾಗದಿದ್ದರೆ ಬೇರಿಂಗುಗಳತ್ತ ನೋಡಬೇಕು.

ಬೇರಿಂಗ್ ಹುಡುಕಲು ಕೀಲಿ ತೆಗೆದು, ಬೆಲ್ಟ್ ಕಳಚಿ, ಪುಲ್ಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸುವುದಕ್ಕಿಂತ ಒಳ್ಳೆಯ ವಿಧಾನವಿಲ್ಲ. ಟೆನ್ಷನರ್ ಇಲ್ಲದ, ಹಿಗ್ಗುವ ಬೆಲ್ಟ್ ಇರುವ ಕಾರಾದರೆ ಈ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ. ಒಳ್ಳೆಯ ಬೇರಿಂಗ್ ಬೆರಳಿಗೆ ಬೆಣ್ಣೆಯಂತೆ ತಿರುಗುತ್ತದೆ. ಕೆಟ್ಟದ್ದು ರಾಗಿ ಕಲ್ಲಿನಂತೆ ಗರಗರ ಎನ್ನುತ್ತದೆ, ಅಂಚು ಹಿಡಿದು ಅಲುಗಿಸಿದರೆ ಲೊಡಲೊಡ ಆಡುತ್ತದೆ. ನಮ್ಮ ಮನೆಯ ಕಾರಿನ ಪುಲ್ಲಿ ಬೇರಿಂಗನ್ನು ಒಮ್ಮೆ ಹೊರತೆಗೆಸಿ ಕೈಯಲ್ಲಿ ಹಿಡಿದು ನೋಡಿದ್ದೆ: ಸೀಲಿನ ರಬ್ಬರ್ ಸುಟ್ಟು ಅಂಚು ಮುರುಟಿತ್ತು, ಒಳಗಿನ ಗ್ರೀಸ್ ಒಣಗಿ ಸೋಸಿದ ಚಹಾಪುಡಿಯ ಚರಟದಂತಾಗಿತ್ತು, ಗುಂಡುಗಳ ಮೈಮೇಲೆ ಸಾಸಿವೆ ಒತ್ತಿದಂಥ ಗುಳಿಗಳಿದ್ದವು. ಅದೇ ಕಂಪ್ರೆಸರ್‌ನ ಒಳಯಂತ್ರ ಮಾತ್ರ ಹೊಸದರಂತಿತ್ತು. ಬೇರಿಂಗ್ ಒಂದನ್ನೇ ಬದಲಿಸಿದ ಮೇಲೆ ಆ ಕಾರು ಸದ್ದಿಲ್ಲದೆ ಓಡಿತು.

ನಿಮ್ಮ ಕಾರಿನದೂ ಇದೇ ಕಥೆ ಎಂಬುದು ನನ್ನ ಬಲವಾದ ಊಹೆ. ಸಾಮಾನ್ಯವಾಗಿ ಈ ಬೇರಿಂಗನ್ನು ಕಂಪ್ರೆಸರ್ ಬಿಚ್ಚಿ ಕೆಳಗಿಳಿಸದೆ, ಗ್ಯಾಸ್ ಹೊರಬಿಡದೆಯೂ ಬದಲಿಸಬಹುದು. ಕ್ಲಚ್ ಕಳಚಿದಾಗ ತಟ್ಟೆಗೂ ಪುಲ್ಲಿಗೂ ನಡುವಿನ ಸಂದನ್ನು ಅಳೆದು ಕೂರಿಸಲು ಹೇಳಿ. ಅದು ಅರ್ಧ ಮಿಲಿಮೀಟರ್ ಆಸುಪಾಸು ಇರುತ್ತದೆ, ನಿಖರ ಅಳತೆ ಕಾರಿನಿಂದ ಕಾರಿಗೆ ಬೇರೆ. ಸಂದು ಹೆಚ್ಚಾದರೆ ಕ್ಲಚ್ ಜಾರಿ ಸುಟ್ಟ ವಾಸನೆ ಬರುತ್ತದೆ, ಕಡಿಮೆಯಾದರೆ ಆರಿಸಿದಾಗಲೂ ಉಜ್ಜಿ ಸದ್ದು ಮಾಡುತ್ತದೆ. ಬೇರಿಂಗ್ ಕೆಟ್ಟಿರುವುದು ಖಚಿತವಾದರೆ ಬೇಸಿಗೆ ಮುಗಿಯಲಿ ಎಂದು ಕಾಯಬೇಡಿ; ಅದು ಸಿಕ್ಕಿಕೊಂಡರೆ ಬೆಲ್ಟ್ ಹರಿಯುತ್ತದೆ, ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ಎಂಜಿನ್ ಕುದಿಯುತ್ತದೆ.

ಪರೀಕ್ಷೆಯಲ್ಲಿ ಇದಕ್ಕೆ ವ್ಯತಿರಿಕ್ತವಾಗಿ, ಕ್ಲಚ್ ಅಂಟಿದಾಗ ಮಾತ್ರ ಕಟಕಟ ಎಂಬ ಲೋಹದ ಬಡಿತ ಬಂದು, ಫ್ಯಾನ್, ಪೈಪು, ಮೌಂಟುಗಳು ಸರಿಯಿದ್ದು, ತಂಪೂ ಕುಗ್ಗುತ್ತಿದ್ದರೆ ಒಳಗಿನ ಯಂತ್ರವೇ ಸವೆಯುತ್ತಿದೆ ಎಂದು ತಿಳಿದು ಎ.ಸಿ. ಬಳಕೆಯನ್ನು ಅಂದೇ ನಿಲ್ಲಿಸಿ. ಸವೆದ ಲೋಹದ ಪುಡಿ ಎಣ್ಣೆಯೊಂದಿಗೆ ಹರಿದು ಕಂಡೆನ್ಸರ್‌ನ ಕೂದಲೆಳೆಯಂಥ ದಾರಿಗಳಲ್ಲಿ ಕೂತರೆ ಅದನ್ನೂ ಬದಲಿಸಬೇಕಾಗುತ್ತದೆ. ಮೆಕ್ಯಾನಿಕ್ ಪೈಪು ಬಿಚ್ಚುವಾಗ ಒಂದೆರಡು ಹನಿ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಬೀಳಿಸಲು ಕೇಳಿಕೊಳ್ಳಿ. ಎಣ್ಣೆ ತಿಳಿಯಾಗಿದ್ದರೆ ಸರಿ. ಬೂದಿ ಬಣ್ಣಕ್ಕೆ ತಿರುಗಿ ಬಿಸಿಲಿಗೆ ಬೆಳ್ಳಿಯ ಮಿಂಚು ಕಾಣಿಸಿದರೆ ಗ್ಯಾರೇಜಿನವರು ಹೇಳಿದ್ದನ್ನು ಒಪ್ಪಿ.

ಪ್ರಶ್ನೆ: ಎಂಜಿನ್ ಆರಿಸಿದ ಮೇಲೆ ಡ್ಯಾಶ್‌ಬೋರ್ಡಿನ ಹಿಂದೆ ಅರ್ಧ ನಿಮಿಷ ‘ಸ್ಸ್’ ಎಂದು ಕೇಳಿಸುತ್ತದೆ. ಗ್ಯಾಸ್ ಸೋರುತ್ತಿದೆಯೇ?
– ಓದುಗರು, ಪುತ್ತೂರು

ಉತ್ತರ: ಸಾಮಾನ್ಯವಾಗಿ ಅಲ್ಲ. ಒತ್ತಡ ಹೆಚ್ಚಿರುವ ಬದಿಯಿಂದ ಕಡಿಮೆ ಇರುವ ಬದಿಗೆ ಎಕ್ಸ್‌ಪಾನ್ಷನ್ ವಾಲ್ವ್ ಮೂಲಕ ಗ್ಯಾಸ್ ಹರಿದು ಎರಡೂ ಕಡೆ ಸಮನಾಗುವ ಸದ್ದು ಅದು. ಸೋರಿಕೆಯ ಗುರುತು ಬೇರೆ: ಪೈಪಿನ ಜೋಡಣೆಗಳಲ್ಲಿ ಎಣ್ಣೆಯ ಪಸೆಗೆ ಧೂಳು ಮೆತ್ತಿರುತ್ತದೆ, ತಂಪು ದಿನೇ ದಿನೇ ಇಳಿಯುತ್ತದೆ.

ಪ್ರಶ್ನೆ: ಊರಿಗೆ ಹೋಗುವಾಗ ಹೆದ್ದಾರಿ ಬದಿಯ ಅಂಗಡಿಯಲ್ಲಿ ಗ್ಯಾಸ್ ತುಂಬಿಸಿದೆ. ಅಂದಿನಿಂದ ಎ.ಸಿ. ಹಾಕಿದಾಗಲೆಲ್ಲ ಕಂಪ್ರೆಸರ್ ಬಡಿದುಕೊಳ್ಳುತ್ತಿದೆ. ಗ್ಯಾಸಿಗೂ ಸದ್ದಿಗೂ ಸಂಬಂಧವಿದೆಯೇ?
– ಓದುಗರು, ದಾವಣಗೆರೆ

ಉತ್ತರ: ನೇರ ಸಂಬಂಧವಿದೆ. ಕಂಪ್ರೆಸರ್ ಒತ್ತಬಲ್ಲದ್ದು ಆವಿಯನ್ನು ಮಾತ್ರ. ಅಗತ್ಯಕ್ಕಿಂತ ಹೆಚ್ಚು ತುಂಬಿದಾಗ ಆವಿಯಾಗದೆ ಉಳಿದ ದ್ರವ ಮರಳಿ ಕಂಪ್ರೆಸರ್‌ಗೆ ಬಂದರೆ ಬಡಿತ ಕೇಳಿಸುತ್ತದೆ, ವಾಲ್ವುಗಳು ಮುರಿಯಬಹುದು. ಕಡಿಮೆಯಾದರೂ ಕೇಡೇ. ಕಂಪ್ರೆಸರ್‌ಗೆ ಬೇಕಾದ ಎಣ್ಣೆ ಗ್ಯಾಸಿನೊಂದಿಗೇ ಸುತ್ತುತ್ತದೆ, ಗ್ಯಾಸ್ ಇಳಿದಂತೆ ಎಣ್ಣೆ ಮರಳುವುದೂ ಕುಗ್ಗಿ ಒಳಭಾಗ ಒಣಗಿ ಉಜ್ಜತೊಡಗುತ್ತದೆ.

ಎಂಜಿನ್ ನಿಂತಿರುವಾಗ ಗೇಜಿನ ಮುಳ್ಳು ನೋಡಿ ‘ಗ್ಯಾಸ್ ಇಷ್ಟಿದೆ’ ಎಂದು ಹೇಳುವುದನ್ನು ನಂಬಬೇಡಿ. ಕಾರಿನ ಎ.ಸಿ.ಗಳಲ್ಲಿ ಸಾಮಾನ್ಯವಾದ ಆರ್-134ಎ ಗ್ಯಾಸಿನ ಒತ್ತಡ 35 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಸುಮಾರು 8 ಬಾರ್. ಪೈಪಿನಲ್ಲಿ ಒಂದಿಷ್ಟು ದ್ರವ ಉಳಿದಿರುವ ತನಕ ಒಟ್ಟು ಗ್ಯಾಸ್ 200 ಗ್ರಾಂ ಇರಲಿ, 500 ಗ್ರಾಂ ಇರಲಿ, ಮುಳ್ಳು ಅಲ್ಲೇ ನಿಲ್ಲುತ್ತದೆ. ಬಾನೆಟ್ ಒಳಗಿನ ಚೀಟಿಯಲ್ಲಿ ಗ್ಯಾಸಿನ ಹೆಸರೂ ತೂಕವೂ ಗ್ರಾಂ ಲೆಕ್ಕದಲ್ಲಿರುತ್ತವೆ. ಹಳೆಯ ಗ್ಯಾಸನ್ನು ಯಂತ್ರದಿಂದ ಹೊರಗೆಳೆದು, ನಿರ್ವಾತ ಮಾಡಿ, ಚೀಟಿಯ ತೂಕದಷ್ಟೇ ತುಂಬುವ ಗ್ಯಾರೇಜಿಗೆ ಹೋಗಿ, ಅಲ್ಲಿಯವರೆಗೆ ಎ.ಸಿ. ಹಾಕಬೇಡಿ. ಹೆಚ್ಚಾದ ಗ್ಯಾಸನ್ನು ನೀವೇ ಪಿನ್ ಒತ್ತಿ ಹೊರಬಿಡಲು ಹೋಗಬಾರದು. ಅದು ಹೊರಗಿನ ಗಾಳಿಯಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿಯುವ ವಸ್ತು, ಕಣ್ಣಿಗೆ ಚಿಮ್ಮಿದರೆ ದೃಷ್ಟಿಗೇ ಅಪಾಯ.

ಪ್ರಶ್ನೆ: ನಮ್ಮದು ಎಲೆಕ್ಟ್ರಿಕ್ ಕಾರು. ಚಾರ್ಜ್ ಆಗುವಾಗಲೂ ಕಂಪ್ರೆಸರ್ ಗುಂಯ್‌ಗುಡುತ್ತದೆ. ಬಿಚ್ಚಿ ನೋಡಬಹುದೇ?
– ಓದುಗರು, ಬೆಂಗಳೂರು

ಉತ್ತರ: ಬಿಚ್ಚಬೇಡಿ. ಬ್ಯಾಟರಿಯನ್ನು ತಣಿಸಲು ಅನೇಕ ಕಾರುಗಳಲ್ಲಿ ಚಾರ್ಜಿಂಗ್ ವೇಳೆಯಲ್ಲೂ ಕಂಪ್ರೆಸರ್ ಓಡುತ್ತದೆ, ಆದ್ದರಿಂದ ಸಣ್ಣ ಗುಂಯ್‌ಗುಟ್ಟುವಿಕೆ ಸಹಜ. ಇದರಲ್ಲಿ ಬೆಲ್ಟೂ ಇಲ್ಲ, ಪುಲ್ಲಿಯೂ ಇಲ್ಲ. ಕಿತ್ತಳೆ ಬಣ್ಣದ ಕೇಬಲ್ಲಿನಲ್ಲಿ ಹರಿಯುವುದು ನೂರಾರು ವೋಲ್ಟ್ ವಿದ್ಯುತ್. ಸದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಚಾರ್ಜಿಂಗಿನ ಯಾವ ಹಂತದಲ್ಲಿ ಬಂತು ಎಂಬುದನ್ನು ಬರೆದಿಟ್ಟು, ತಯಾರಕರ ಅಧಿಕೃತ ಸೇವಾಕೇಂದ್ರದವರಿಗೆ ಕೊಡಿ.