ಗೆದ್ದಾಗ ಸರ್ಕಾರವೇ ಇರಲಿಲ್ಲ

ಹಾವೇರಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: ‘ಕಳೆದ ಸಂಚಿಕೆಯ ಲೇಖನದಲ್ಲಿ “ಸುಪ್ರೀಂ ಕೋರ್ಟ್ ಬೊಮ್ಮಾಯಿ ಸರ್ಕಾರವನ್ನು ಉಳಿಸಿತು” ಎಂದಿದೆ. ನನ್ನ ನೆನಪಿನಲ್ಲಿ ಆ ಸರ್ಕಾರ ಹೋಗೇಬಿಟ್ಟಿತ್ತು. ಉಳಿಸಿದ್ದು ಯಾವಾಗ? ಟಿ.ವಿ.ಯಲ್ಲಿ ದಿನಬೆಳಗಾದರೆ “ಬೊಮ್ಮಾಯಿ ತೀರ್ಪು” ಅನ್ನುತ್ತಾರಲ್ಲ, ಅದರಿಂದ ಯಾರಿಗೆ ಏನು ಸಿಕ್ಕಿತು?’

ಸಂಪಾದಕರ ಉತ್ತರ

ಮೇಷ್ಟ್ರೇ, ಕಿವಿ ಹಿಂಡಿದ್ದೀರಿ. ಹಿಂಡಿಸಿಕೊಳ್ಳುವ ತಪ್ಪೇ ಅದು. ಕರಡು ನೋಡಿದವನು ನಾನೇ ಆದ್ದರಿಂದ ಲೇಖಕರ ಮೇಲೆ ಹಾಕುವಂತೆಯೂ ಇಲ್ಲ.

ನಡೆದದ್ದು ಇಷ್ಟು. 1989ರ ಏಪ್ರಿಲ್‌ನಲ್ಲಿ ಜನತಾ ದಳದ ಶಾಸಕರೊಬ್ಬರು ಪಕ್ಷ ಬಿಟ್ಟು, ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗೆ 19 ಪತ್ರಗಳನ್ನು ಕೊಟ್ಟರು. ಬೆಂಬಲ ವಾಪಸ್ ಪಡೆದಿದ್ದೇವೆ ಎಂದು ಶಾಸಕರು ಸಹಿ ಹಾಕಿದ್ದಾರೆನ್ನಲಾದ ಪತ್ರಗಳು. ರಾಜ್ಯಪಾಲರು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರನ್ನು ಒಂದು ಮಾತೂ ಕೇಳದೆ, 19ನೇ ತಾರೀಕು ದೆಹಲಿಗೆ ವರದಿ ಕಳಿಸಿದರು. ಮರುದಿನ ಆ ಪೈಕಿ ಏಳು ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ನಮ್ಮಿಂದ ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಬೊಮ್ಮಾಯಿ ಕಾನೂನು ಸಚಿವರನ್ನು ಕರೆದುಕೊಂಡು ರಾಜಭವನಕ್ಕೆ ಹೋಗಿ, 27ಕ್ಕೆ ಅಧಿವೇಶನ ಕರೆಯುತ್ತಿದ್ದೇವೆ, ಬೇಕಾದರೆ ಇನ್ನೂ ಬೇಗ ಕರೆಯೋಣ, ಅಲ್ಲೇ ಬಹುಮತ ತೋರಿಸುತ್ತೇನೆ ಎಂದರು. ರಾಷ್ಟ್ರಪತಿಗೆ ಟೆಲೆಕ್ಸ್ ಕೂಡ ಹೋಯಿತು. ರಾಜ್ಯಪಾಲರಿಗೆ ಅದರಲ್ಲೂ ಕಂಡಿದ್ದು ಕುದುರೆ ವ್ಯಾಪಾರವೇ. ಎರಡನೇ ವರದಿ ಬರೆದರು. 21ಕ್ಕೆ, ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಸಂವಿಧಾನದ 356ನೇ ವಿಧಿ ಜಾರಿಯಾಯಿತು. ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ. ಸದನ ಸೇರಬೇಕಿದ್ದ ದಿನಕ್ಕೆ ಇನ್ನು ಆರೇ ದಿನ ಬಾಕಿಯಿತ್ತು.

ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬೊಮ್ಮಾಯಿಯವರ ಅರ್ಜಿಯನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಆ ವಜಾ ಅಸಾಂವಿಧಾನಿಕ ಎಂದಿದ್ದು 1994ರ ಮಾರ್ಚ್ 11ರಂದು. ಅಷ್ಟರಲ್ಲಿ ಚುನಾವಣೆ ಮುಗಿದು, ವೀರೇಂದ್ರ ಪಾಟೀಲರು, ಬಂಗಾರಪ್ಪನವರು ಬಂದುಹೋಗಿ, ಮೊಯಿಲಿಯವರು ಕುರ್ಚಿಯಲ್ಲಿದ್ದರು. ಉಳಿಸಲು ಅಲ್ಲಿ ಏನಿತ್ತು?

ಆದರೆ ಬೊಮ್ಮಾಯಿಯವರಿಗೆ ಸಿಗದಿದ್ದು ಬೇರೆಯವರಿಗೆ ಸಿಕ್ಕಿತು. ಬಹುಮತ ಎಣಿಸುವ ಜಾಗ ಸದನ, ರಾಜಭವನವಲ್ಲ ಎಂದು ತೀರ್ಪು ಹೇಳಿತು. ರಾಷ್ಟ್ರಪತಿ ಆಳ್ವಿಕೆಯನ್ನು ಕೋರ್ಟು ಪರಿಶೀಲಿಸಬಹುದು, ಸಂಸತ್ತಿನ ಎರಡೂ ಸದನ ಒಪ್ಪುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದೇ ಹೊರತು ವಿಸರ್ಜಿಸುವಂತಿಲ್ಲ ಎಂದೂ ಹೇಳಿತು. ಈ ಕೊನೆಯದನ್ನು ಟಿ.ವಿ.ಯವರು ಎತ್ತುವುದೇ ಇಲ್ಲ. ನನ್ನ ಮಟ್ಟಿಗೆ ಅದಕ್ಕೇ ಹೆಚ್ಚು ಬೆಲೆ. 1999ರ ಫೆಬ್ರುವರಿಯಲ್ಲಿ ಬಿಹಾರದ ರಾಬ್ರಿ ದೇವಿ ಸರ್ಕಾರವನ್ನು ವಜಾ ಮಾಡಿದ ವಾಜಪೇಯಿ ಸರ್ಕಾರಕ್ಕೆ ರಾಜ್ಯಸಭೆಯಲ್ಲಿ ಬಲವಿರಲಿಲ್ಲ. ತಿಂಗಳೊಳಗೆ ಘೋಷಣೆ ವಾಪಸಾಯಿತು. ವಿಧಾನಸಭೆ ಜೀವಂತ ಇದ್ದುದರಿಂದ ರಾಬ್ರಿ ಮತ್ತೆ ಮುಖ್ಯಮಂತ್ರಿಯಾದರು.

2018ರಲ್ಲಿ ನಮ್ಮಲ್ಲೇ ಆಗಿದ್ದು ನಿಮಗೆ ನೆನಪಿರುತ್ತದೆ. ಬಹುಮತ ಸಾಬೀತಿಗೆ ಯಡಿಯೂರಪ್ಪನವರಿಗೆ ರಾಜ್ಯಪಾಲರು 15 ದಿನ ಕೊಟ್ಟಿದ್ದರು. ನಡುರಾತ್ರಿ ಕೂತು ವಿಚಾರಣೆ ನಡೆಸಿದ ಸುಪ್ರೀಂ ಕೋರ್ಟು, ಮೇ 19ರ ಸಂಜೆ ನಾಲ್ಕಕ್ಕೇ ಮುಗಿಸಿ ಎಂದಿತು. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು.

ಹಾಗಂತ ನೆಮ್ಮದಿಯಾಗಿ ಕೂರುವ ಸ್ಥಿತಿ ಇಲ್ಲ. ಎಣಿಕೆ ಸದನದಲ್ಲೇ ಆಗಬೇಕು ಎಂದಮೇಲೆ, ಎಣಿಸಬೇಕಾದ ತಲೆಗಳನ್ನೇ ಮೊದಲು ಸದನದಿಂದ ಆಚೆ ಸಾಗಿಸುವುದನ್ನು ನಮ್ಮವರು ಕಲಿತರು. 2019ರ ಜುಲೈ 23ರಂದು ಕುಮಾರಸ್ವಾಮಿಯವರ ವಿಶ್ವಾಸಮತ ಬೊಮ್ಮಾಯಿ ತೀರ್ಪಿನ ಪ್ರಕಾರವೇ ನಡೆಯಿತು: ಪರವಾಗಿ 99, ವಿರೋಧ 105. ರಾಜೀನಾಮೆ ಬರೆದುಕೊಟ್ಟಿದ್ದ ಶಾಸಕರಲ್ಲಿ ಹೆಚ್ಚಿನವರು ಆಗ ಮುಂಬೈಯ ಹೋಟೆಲಿನಲ್ಲಿದ್ದರು. ಆಮೇಲೆ ಬಂದ ಸರ್ಕಾರದಲ್ಲಿ, ಎರಡು ವರ್ಷದ ಹೊತ್ತಿಗೆ, ಮುಖ್ಯಮಂತ್ರಿಯಾದವರು ಎಸ್.ಆರ್. ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿ.

‘ಉಳಿಸಿತು’ ಎಂಬಲ್ಲಿ ‘ಸರ್ಕಾರದ ವಜಾ ತಪ್ಪೆಂದು ಐದು ವರ್ಷದ ನಂತರ ಹೇಳಿತು’ ಎಂದು ಓದಿಕೊಳ್ಳಬೇಕಾಗಿ ಎಲ್ಲ ಓದುಗರಲ್ಲೂ ವಿನಂತಿ.