ಡಾಕ್ಟರ ಚೀಟಿ ಮೆಡಿಕಲ್ ಶಾಪಿನವರಿಗೆ ಅರ್ಥ ಆಗುತ್ತೆ, ಅದೇ ಡಾಕ್ಟರು ಬರೆದ ದಿನಸಿ ಚೀಟಿ ಅವರ ಹೆಂಡತಿಗೆ ಯಾಕೆ ಆಗಲ್ಲ?

ಅಂಗಡಿಯವರು ಓದುವುದಕ್ಕಿಂತ ಊಹಿಸುವುದೇ ಹೆಚ್ಚು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೆಡಿಕಲ್ ಇಟ್ಟವರಿಗೆ ಎದುರಿನ ಡಾಕ್ಟರು ದಿನಾ ಬರೆಯುವ ಮಾತ್ರೆಗಳು ಬಾಯಿಪಾಠ. ಮೊದಲೆರಡು ಅಕ್ಷರ, ಮಿಲಿಗ್ರಾಂ, ಪಕ್ಕದ 1-0-1 ಸಿಕ್ಕರೆ ಸಾಕು. ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ‘ಬಿಡಿ’ ಅಂದರೆ ದಿನಕ್ಕೆರಡು ಸಲ, ಮಾತ್ರೆ ಬಿಡಿ ಅಂತಲ್ಲ! ‘ಎಸ್‌ಓಎಸ್’ ಅಂದರೆ ಬೇಕಾದಾಗ ಮಾತ್ರ.

ದಿನಸಿ ಚೀಟಿಯಲ್ಲಿ ಈ ಆಸರೆ ಇಲ್ಲ. ಬೇಳೆ, ಬೆಲ್ಲ, ಬೆಳ್ಳುಳ್ಳಿ ಮೂರೂ ಒಂದೇ ಗೀಟು, ಮೂರೂ ಅರ್ಧ ಕೆಜಿ. ಪಾಪ, ಆಕೆ ಏನಂತ ಊಹಿಸಬೇಕು? ಸಾರಿಗೆ ಬೆಲ್ಲ ಜಾಸ್ತಿಯಾದರೆ ಮಲೆನಾಡಲ್ಲಿ ಯಾರೂ ಜಗಳಕ್ಕೆ ಬರಲ್ಲ ಬಿಡಿ.

ಔಷಧದಲ್ಲಿ ಮಾತ್ರ ಊಹೆ ಅಪಾಯ. ಇನ್ಸುಲಿನ್ 10ರ ಪಕ್ಕ ಇಂಗ್ಲಿಷಿನ ‘ಯು’ ಒಂದನ್ನೇ ಗೀಚಿದರೆ ಅದು ಸೊನ್ನೆಯಂತೆ ಕಂಡು 100 ಆಗುತ್ತೆ; ‘ಯೂನಿಟ್’ ಎಂದು ಪೂರ್ತಿ ಬರೆಯಬೇಕು. ಜೆನೆರಿಕ್ ಹೆಸರನ್ನು, ಅಂದರೆ ಕಂಪನಿ ಇಟ್ಟ ಹೆಸರಲ್ಲ, ಔಷಧದ ಮೂಲ ಹೆಸರನ್ನು, ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ಮಾಡಿದೆ. ಕ್ಲಿನಿಕ್ಕಿನಿಂದ ಏಳುವ ಮೊದಲೇ ಚೀಟಿಯನ್ನು ಡಾಕ್ಟರ ಬಾಯಲ್ಲೇ ಓದಿಸಿಕೊಳ್ಳಿ. ಒಮ್ಮೊಮ್ಮೆ ಅವರೂ ತಡವರಿಸುತ್ತಾರೆ.