ಯಾದಗಿರಿಯಿಂದ ಅಪ್ಪ-ಅವ್ವ ದುಬೈಗೆ ಹೊರಟಿದ್ದಾರೆ, ಯಾವ ಸಿಮ್ ಹಾಕಿಕೊಡಬೇಕು?

ನೀವು ಕೇಳಿದ್ದು ಇಷ್ಟು: ಯಾದಗಿರಿಯಲ್ಲಿರುವ ಅಪ್ಪ-ಅವ್ವ ಮೊದಲ ಸಲ ದುಬೈಗೆ, ನಿಮ್ಮ ಅಕ್ಕನ ಮನೆಗೆ ಒಂದು ತಿಂಗಳ ಮಟ್ಟಿಗೆ ಹೋಗುತ್ತಿದ್ದಾರೆ. ಇಲ್ಲಿಂದಲೇ ರೋಮಿಂಗ್ ಪ್ಯಾಕ್ ಹಾಕಿಸಬೇಕಾ, ಅಲ್ಲಿಯ ಪ್ರೀಪೇಯ್ಡ್ ಸಿಮ್ ತಗೋಬೇಕಾ, ಯಾವ ಕಂಪನಿ ಒಳ್ಳೆಯದು ಅಂತ.

ನನ್ನದು ಕಲಬುರಗಿಯಲ್ಲಿ ಮೊಬೈಲ್ ರಿಚಾರ್ಜ್ ಮತ್ತು ರಿಪೇರಿ ಅಂಗಡಿ. ಗಲ್ಫ್‌ಗೆ ಕೆಲಸಕ್ಕೆ, ಉಮ್ರಾಗೆ (ಮೆಕ್ಕಾ ಯಾತ್ರೆಗೆ), ಮಕ್ಕಳ ಮನೆಗೆ ಅಂತ ಹೊರಟವರು ಹೈದರಾಬಾದ್‌ನ ಶಂಶಾಬಾದ್ ಏರ್‌ಪೋರ್ಟ್‌ನಿಂದ ವಿಮಾನ ಹತ್ತುವ ಹಿಂದಿನ ದಿನ ಬಂದು ಫೋನನ್ನು ಕೌಂಟರ್ ಮೇಲೆ ಇಡುತ್ತಾರೆ. ಎಲ್ಲರೂ ಮೊದಲು ಕೇಳುವುದು ಕಂಪನಿ ಯಾವುದು ಅಂತಲೇ. ಕಂಪನಿ ಮಾತು ಆಮೇಲೆ. ಊರಿನ ನಂಬರ್ ಅಲ್ಲಿ ಹೇಗೆ ಜೀವಂತ ಇರುತ್ತದೆ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಅಪ್ಪನ ಪಿಂಚಣಿ ಬರುವ ಬ್ಯಾಂಕಿನ ಒಟಿಪಿ, ಫೋನ್‌ಪೇ, ವಾಟ್ಸಾಪ್, ಆಧಾರ್, ಎಲ್ಲ ಆ ನಂಬರಿಗೇ ಕಟ್ಟಿಕೊಂಡಿರುತ್ತವೆ ಅಲ್ವಾ? ಹೊರದೇಶದಲ್ಲಿ ಒಟಿಪಿ ಬರಬೇಕೆಂದರೆ ಎರಡು ಕೆಲಸ ಆಗಿರಬೇಕು. ಒಂದು, ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಆಗಿರಬೇಕು. ಕಂಪನಿಯ ಆಪ್‌ನಲ್ಲೇ ಆಗುತ್ತದೆ. ಎರಡು, ಪ್ರಯಾಣ ಮುಗಿದು ವಾಪಸ್ ಬಂದು ಕೆಲವು ದಿನ ಆಗುವವರೆಗೆ ರಿಚಾರ್ಜ್ ವ್ಯಾಲಿಡಿಟಿ ಇರಬೇಕು. ರೋಮಿಂಗ್‌ನಲ್ಲಿ ಒಳಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡು ಹಿಡಿಯುವುದಿಲ್ಲ. ಆದರೆ ಪ್ಯಾಕ್ ಇಲ್ಲದೆ ಒಳಬರುವ ಕರೆ ಎತ್ತಿದರೂ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ. ಇದನ್ನು ಅಪ್ಪನಿಗೆ ಎರಡು ಸಲ ಹೇಳಿ. ಊರಿನ ಸಿಮ್‌ಗೆ ಕರೆ ಬಂದರೆ ಎತ್ತಬೇಡ, ಸುಮ್ನೆ ಬಿಡು ಅಂತ.

ಈಗ ದುಬೈ ಮಾತು. ಇದನ್ನು ಎಷ್ಟೋ ಜನ ಅಲ್ಲಿ ಇಳಿದ ಮೇಲೆ ತಿಳಿದುಕೊಳ್ಳುತ್ತಾರೆ. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್, ಫೋಟೋ, ವಾಯ್ಸ್ ಮೆಸೇಜ್ ಎಲ್ಲ ಹೋಗುತ್ತವೆ. ವಾಟ್ಸಾಪ್ ಕರೆ, ವಿಡಿಯೋ ಕರೆ ಮಾತ್ರ ಹೋಗುವುದಿಲ್ಲ. ಅಲ್ಲಿಯ ಸಿಮ್ ಹಾಕಿದರೂ ಇಲ್ಲ, ಅಕ್ಕನ ಮನೆಯ ವೈಫೈಯಲ್ಲೂ ಇಲ್ಲ. ಅಲ್ಲಿನ ಸರ್ಕಾರ ಒಪ್ಪಿದ ಆಪ್‌ಗಳಲ್ಲಿ ಮಾತ್ರ ಇಂಟರ್ನೆಟ್ ಕರೆ ನಡೆಯುತ್ತದೆ. ಬೋಟಿಮ್, ಝೂಮ್, ಟೀಮ್ಸ್ ಆ ಪಟ್ಟಿಯಲ್ಲಿವೆ. ಅಲ್ಲಿರುವ ನಮ್ಮವರು ಜಾಸ್ತಿ ಬಳಸುವುದು ಬೋಟಿಮ್. ಹಾಗಾಗಿ ನಿಮ್ಮ ಫೋನಲ್ಲಿ, ಅವ್ವನ ಫೋನಲ್ಲಿ, ಊರಲ್ಲಿ ಅವರ ಜೊತೆ ದಿನಾ ಮಾತಾಡುವ ತಂಗಿ, ಚಿಕ್ಕಮ್ಮ ಯಾರಿದ್ದಾರೋ ಅವರ ಫೋನಲ್ಲೂ ಹೊರಡುವ ವಾರ ಮೊದಲೇ ಬೋಟಿಮ್ ಹಾಕಿಬಿಡಿ. ಯಾದಗಿರಿಯಲ್ಲೇ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕರೆ ಮಾಡಿಸಿ ರೂಢಿ ಮಾಡಿಸಿ. ವಯಸ್ಸಾದವರಿಗೆ ಹೊಸ ಆಪ್ ಅಂದರೆ ಅಂಜಿಕೆ. ನಮ್ಮ ಅಂಗಡಿಗೆ ಬಂದ ಒಬ್ಬ ಅವ್ವ ಹಸಿರು ಗುರುತನ್ನು ಬೆರಳಲ್ಲಿ ತೋರಿಸಿ, "ತಮ್ಮಾ, ನನಗ ಇದೊಂದೇ ಗೊತ್ತದ, ಇದ್ರಾಗ ಮಗಳ ಮುಖ ಕಾಣ್ತದಲ್ಲ?" ಅಂದರು. ಕಾಣುವುದಿಲ್ಲ ಅಂತ ಅವರಿಗೆ ಇಲ್ಲೇ ಗೊತ್ತಾಗಬೇಕು. ಅಲ್ಲಿ ಹೋಗಿ ಗಾಬರಿ ಆಗಬಾರದು.

ವಾಟ್ಸಾಪ್ ಕರೆ ನಡೆಯಲಿ ಅಂತ ಯಾರಾದರೂ ವಿಪಿಎನ್ (ಇಂಟರ್ನೆಟ್ ತಡೆ ದಾಟಿಸುವ ಆಪ್) ಹಾಕಿಕೊಡು ಅಂದರೆ ಬೇಡ ಅನ್ನಿ. ಅಪರಾಧ ಮಾಡಲು ಅಥವಾ ಮುಚ್ಚಿಡಲು ವಿಪಿಎನ್ ಬಳಸಿದರೆ ಯುಎಇ ಸೈಬರ್ ಕಾನೂನಿನಲ್ಲಿ 5 ಲಕ್ಷ ದಿರ್ಹಮ್‌ನಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ ಇದೆ. ವಯಸ್ಸಾದವರನ್ನು ಆ ತಂಟೆಗೆ ಯಾಕೆ ತಳ್ಳಬೇಕು?

ಭಾರತದ ಸಿಮ್‌ನ ರೋಮಿಂಗ್ ಡೇಟಾ ಬಳಸಿದರೆ ಮಾತ್ರ ವಾಟ್ಸಾಪ್ ಕರೆ ಸಾಮಾನ್ಯವಾಗಿ ನಡೆಯುತ್ತದೆ. ಯಾಕೆಂದರೆ ಆ ಡೇಟಾ ನಮ್ಮ ದೇಶದ ಕಂಪನಿಯ ನೆಟ್‌ವರ್ಕ್‌ಗೆ ಬಂದು ಇಲ್ಲಿಂದ ಇಂಟರ್ನೆಟ್‌ಗೆ ಹೋಗುತ್ತದೆ. ಹೀಗಾಗಿ ನಾನು ಹೇಳುವುದು ಇದು: ಮೊದಲ ಕೆಲವು ದಿನಕ್ಕೆ ಚಿಕ್ಕ ರೋಮಿಂಗ್ ಪ್ಯಾಕ್, ಆಮೇಲೆ ಅಲ್ಲಿಯ ಪ್ರೀಪೇಯ್ಡ್. ಇಳಿದ ಕೂಡಲೇ ನಿಮಗೂ ಅಕ್ಕನಿಗೂ ಕರೆ ಮಾಡಲು ರೋಮಿಂಗ್ ಆಗುತ್ತದೆ. ತಿಂಗಳು ಪೂರ್ತಿ ರೋಮಿಂಗ್ ಹಾಕಿದರೆ ದುಡ್ಡು ಸುಮ್ನೆ ಹೋಗುತ್ತದೆ. ಒಂದು ವಾರದ ಟೂರ್ ಆಗಿದ್ದರೆ ಬೇರೆ ಮಾತು, ರೋಮಿಂಗ್ ಪ್ಯಾಕೇ ಸಾಕು, ಸಿಮ್ ಬದಲಿಸುವ ತಾಪತ್ರಯವೇ ಬೇಡ.

ಕಂಪನಿ ಅಂದರೆ ಯುಎಇಯಲ್ಲಿ ಸ್ವಂತ ನೆಟ್‌ವರ್ಕ್ ಇರುವುದು ಎರಡಕ್ಕೇ, ಎತಿಸಲಾತ್ (ಈಗ e& ಅಂತ ಹೆಸರು) ಮತ್ತು ಡು. ಅಕ್ಕನ ಮನೆಯ ಒಳಗೆ ಯಾವುದರ ಸಿಗ್ನಲ್ ಚೆನ್ನಾಗಿದೆಯೋ ಅದು ತಗೊಳ್ಳಿ. ಪಾಸ್‌ಪೋರ್ಟ್ ತೋರಿಸಿಯೇ ಸಿಮ್ ಕೊಡುತ್ತಾರೆ. ಏರ್‌ಪೋರ್ಟ್‌ನಲ್ಲಿ ಆತುರ ಬೇಡ, ಅಲ್ಲಿ ಫ್ರೀ ವೈಫೈ ಇದೆ. ಮರುದಿನ ಅಕ್ಕನ ಜೊತೆ ಕಂಪನಿಯ ಸ್ವಂತ ಅಂಗಡಿಗೆ ಹೋಗಿ, ಪ್ಯಾಕ್ ಎಷ್ಟು ದಿನ, ಎಷ್ಟು ಜಿಬಿ, ಭಾರತಕ್ಕೆ ಮಾಮೂಲಿ ಕರೆ ಎಷ್ಟು ನಿಮಿಷ ಅಂತ ಕೇಳಿ ತಗೊಳ್ಳಲಿ. ಮನೆಯಲ್ಲಿ ವೈಫೈ ಇರುತ್ತದೆ, ಡೇಟಾ ಜಾಸ್ತಿ ಬೇಕಾಗುವುದಿಲ್ಲ. ಭಾರತಕ್ಕೆ ನೇರ ಕರೆಯ ನಿಮಿಷಗಳು ಇರುವ ಪ್ಯಾಕ್ ಸಿಕ್ಕರೆ ಅದನ್ನೇ ಆರಿಸಿ.

ಫೋನಿನ ಕಡೆ ಒಂದು ಕಣ್ಣು ಇರಲಿ. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಎರಡನೇ ಸಿಮ್ ಮತ್ತು ಮೆಮೊರಿ ಕಾರ್ಡ್‌ಗೆ ಜಾಗ ಒಂದೇ. ದುಬೈ ಸಿಮ್ ಹಾಕಲು ಕಾರ್ಡ್ ತೆಗೆದರೆ ಮೊಮ್ಮಕ್ಕಳ ಫೋಟೋ ಎಲ್ಲ ಆ ಕಾರ್ಡ್ ಜೊತೆಗೇ ಹೊರಗೆ ಬರುತ್ತವೆ. ಟ್ರೇ ಎಳೆದು ಈಗಲೇ ನೋಡಿ, ಫೋಟೋಗಳನ್ನು ಫೋನ್ ಒಳಗೆ ಹಾಕಿಡಿ. ಟ್ರೇ ತೆಗೆಯುವ ಪಿನ್ ಜೊತೆಗೇ ಕಳಿಸಿ. ಊರಿನ ಸಿಮ್ ಮಾತ್ರ ತೆಗೆಯಲೇಬೇಡಿ. ತೆಗೆದರೆ ಫೋನ್‌ಪೇ ಮತ್ತೆ ವೆರಿಫೈ ಮಾಡು ಅನ್ನುತ್ತದೆ, ಅದಕ್ಕೆ ಭಾರತದ ನಂಬರಿನಿಂದಲೇ ಎಸ್ಸೆಮ್ಮೆಸ್ ಹೋಗಬೇಕು. *#06# ಒತ್ತಿದಾಗ ಇಐಡಿ ಅಂತ ಒಂದು ನಂಬರ್ ಕಂಡರೆ ಆ ಫೋನಿನಲ್ಲಿ ಇ-ಸಿಮ್ (ಕಾರ್ಡ್ ಹಾಕದೆ ಫೋನ್ ಒಳಗೇ ನಡೆಯುವ ಸಿಮ್) ನಡೆಯುತ್ತದೆ, ಆಗ ಜಾಗದ ಚಿಂತೆಯೇ ಇಲ್ಲ.

ನಾನು ಗಿರಾಕಿಗಳಿಗೆ ಸೆಟ್ಟಿಂಗ್ಸ್‌ನಲ್ಲಿ ಸಿಮ್‌ಗಳ ಹೆಸರು ಬದಲಿಸಿ ಕೊಡುತ್ತೇನೆ, ಒಂದಕ್ಕೆ "ಊರು", ಇನ್ನೊಂದಕ್ಕೆ "ದುಬೈ". ಕರೆ ಮಾಡುವಾಗ ಯಾವುದು ಒತ್ತಬೇಕು ಅಂತ ಅವರಿಗೆ ಗೊತ್ತಾಗುತ್ತದೆ. ರೋಮಿಂಗ್ ಪ್ಯಾಕ್ ಮುಗಿದ ದಿನ ಊರಿನ ಸಿಮ್‌ನ ಡೇಟಾ ರೋಮಿಂಗ್ ಆಫ್ ಮಾಡಲು ಅಕ್ಕನಿಗೆ ಹೇಳಿ. ಡೇಟಾ ತಾನೇ ಸಿಮ್ ಬದಲಿಸುವ ಸೆಟ್ಟಿಂಗ್ ಇದ್ದರೆ ಅದೂ ಆಫ್. ಹೊಸ ಸಿಮ್ ಹಾಕಿದಾಗ ವಾಟ್ಸಾಪ್ ನಂಬರ್ ಬದಲಿಸಬೇಕಾ ಅಂತ ಕೇಳಿದರೆ ಬೇಡ ಅನ್ನಬೇಕು. ವಿಮಾನದಲ್ಲಿ ಏರೋಪ್ಲೇನ್ ಮೋಡ್ ಇರಲೇಬೇಕು. ಕೆಲವು ವಿಮಾನಗಳ ಒಳಗೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಅದರ ದರ ದುಬೈ ಪ್ಯಾಕಿಗೆ ಸೇರುವುದಿಲ್ಲ.

ಉಮ್ರಾಗೆ ಹೋಗುವವರೂ ಇದನ್ನು ಓದುತ್ತಿರಬಹುದು, ಅವರಿಗೊಂದು ಮಾತು. ಸೌದಿಯಲ್ಲಿ ಎಸ್‌ಟಿಸಿ, ಮೊಬೈಲಿ, ಝೈನ್ ಇವೆ. ಪಾಸ್‌ಪೋರ್ಟ್ ಜೊತೆ ಬೆರಳಚ್ಚೂ ಕೊಡಬೇಕು, ಆದ್ದರಿಂದ ಗ್ರೂಪಿನ ಪರವಾಗಿ ಒಬ್ಬರು ಹೋಗಿ ಎಲ್ಲರಿಗೂ ತಂದುಕೊಡುತ್ತೇವೆ ಅಂದರೆ ನಂಬಬೇಡಿ. ಮದೀನಾದಲ್ಲಿ ರೌಝಾ (ಪ್ರವಾದಿಯವರ ಮಸೀದಿಯೊಳಗಿನ ಪವಿತ್ರ ಜಾಗ) ಪರ್ಮಿಟ್‌ಗೆ ಸೌದಿ ಸರ್ಕಾರದ ನುಸುಕ್ ಆಪ್ ಬೇಕು, ಹಾಗಾಗಿ ಮೊದಲ ದಿನದಿಂದಲೇ ಡೇಟಾ ಇರಲಿ.

ಇನ್ನೊಂದು ಇವತ್ತೇ ಮಾಡಬಹುದಾದ ಕೆಲಸ. ಅಪ್ಪನ ಫೋನಲ್ಲಿ ಹತ್ತೇ ಅಂಕಿಯಲ್ಲಿ ಸೇವ್ ಆಗಿರುವ ನಂಬರ್‌ಗಳ ಮುಂದೆ +91 ಸೇರಿಸಿ. ದುಬೈ ಸಿಮ್‌ನಿಂದ ಹತ್ತು ಅಂಕಿ ಒತ್ತಿದರೆ ಊರಿಗೆ ಕರೆ ಹೋಗುವುದಿಲ್ಲ. ಅಕ್ಕನ ನಂಬರ್ +971 ಸೇರಿಸಿ ಒಂದು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಕವರಿನಲ್ಲಿ ಇಡಿ, ಫೋನ್ ಚಾರ್ಜ್ ಮುಗಿದರೆ ಬೇಕಾಗುತ್ತದೆ.

ಅವರಿಬ್ಬರ ಫೋನ್ ಮಾಡೆಲ್ ಮತ್ತು ಈಗ ಯಾವ ಕಂಪನಿಯ ಸಿಮ್ ಇದೆ ಅಂತ ಬರೆಯಿರಿ. ಎರಡು ಸಿಮ್ ಕೂಡುತ್ತವಾ ಇಲ್ವಾ ನೋಡಿ ಹೇಳುತ್ತೇನೆ.